ಐದು ಮನೆಯ ತಂತಿ

ಹೊಸ ತಂತಿಯ ಸುರುಳಿ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಗ್ರೀಸು, ಗೋಣಿತಾಟು, ಸತುವಿನ ಲೇಪ ಮೂರೂ ಬೆರೆತು ನಾಲಿಗೆಯ ತುದಿಗೆ ಸ್ವಲ್ಪ ಹುಳಿ ಎನಿಸುವ ವಾಸನೆ. ಕಳೆದ ತಿಂಗಳು ಬಾಳ್ಳುಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ಇಬ್ರಾಹಿಂ ಅವರ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯಾರಿಗೋ ತಂತಿ ತೂಗುತ್ತಿದ್ದರು. ವಾಸನೆ ಮೂಗಿಗೆ ಬಡಿಯಿತು. ಹಳೆಯ ನೆನಪಿಗೆ ಕೆಲವರ ಕಣ್ಣು ತೇವವಾಗುತ್ತದೆ ಎನ್ನುತ್ತಾರೆ. ನನಗೆ ಸಿಟ್ಟು ಬಂತು.

ಇಬ್ರಾಹಿಂ ತಕ್ಕಡಿಯ ಹಿಂದಿನಿಂದ ಗುರುತು ಹಿಡಿದರು.

"ಏನ್ ಮೇಡಂ, ನಿಮ್ ಅಕ್ಕೋರ ಊರಿನ ಬೇಲಿ ಹೆಂಗೈತೆ?"

"ಇದೆ," ಎಂದೆ.

"ಜನ ಹೆಂಗವ್ರೆ?"

"ಅವರೂ ಇದ್ದಾರೆ."

ಅವರು ನಕ್ಕರು. ಅದು ಇಬ್ಬರೂ ಒಂದೇ ಬೇಲಿಯಿಂದ ಬಳಲಿದವರ ನಗು.

ಆ ಬೇಲಿ ಹಾಕಿದ ವರ್ಷ ನಾನು ಹಾಸನದಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಆಲೂರು, ಸಕಲೇಶಪುರದ ಸುದ್ದಿಗಳು ನನ್ನ ಕೈ ದಾಟಿ ಅಚ್ಚಿಗೆ ಹೋಗುತ್ತಿದ್ದವು. 'ಕಾಡಾನೆ ದಾಳಿ: ಭತ್ತದ ಬೆಳೆ ನಾಶ' ಎಂಬ ಶೀರ್ಷಿಕೆಯನ್ನು ಎಷ್ಟು ಸಲ ಬರೆದಿದ್ದೆನೆಂದರೆ, ಕೊನೆಕೊನೆಗೆ ಊರಿನ ಹೆಸರು ಮಾತ್ರ ಬದಲಾಯಿಸಿದರೆ ಸಾಕಾಗುತ್ತಿತ್ತು. ದಸರೆ ಕಳೆದ ವಾರ ಅಕ್ಕ ಕಮಲಳ ಫೋನು ಬಂತು. ಭಾವ ಮೆಣಸಿನ ಏಣಿಯಿಂದ ಬಿದ್ದಿದ್ದರು. ಬೆನ್ನುಮೂಳೆಗೆ ಪೆಟ್ಟು, ಕುಯ್ಲು ಮುಗಿಯುವವರೆಗೆ ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದರು.

"ಮನೆ ಕೆಲ್ಸಕ್ಕೆ ನಿನ್ನ ಕರೀತಿಲ್ಲ ಕಣೇ ಶಾರದಾ. ಬೇಲಿ ನೋಡೋರಿಲ್ಲ. ನೀನು ಬಂದು ಬೇಲಿ ನೋಡ್ಕಂಡಿರು," ಎಂದಳು.

ತೆಗೆದುಕೊಳ್ಳದೆ ಉಳಿದಿದ್ದ ರಜೆ ಬಹಳವಿತ್ತು. ಬೇಲಿ ನೋಡುವುದೆಂದರೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆದು ಬರುವುದು, ಅಷ್ಟೇ ಎಂದುಕೊಂಡು ಹೋದೆ.

ಅಕ್ಕನ ಊರು ಪಾಳ್ಯದಿಂದ ಒಳಗೆ. ಗುಡ್ಡದ ಮೇಲೆಲ್ಲ ಕಾಫಿ, ಕಾಫಿಯ ನಡುವೆ ಮನೆಗಳು, ಗುಡ್ಡದ ಬುಡದಲ್ಲಿ ಉದ್ದಕ್ಕೆ ಮಲಗಿದ ಗದ್ದೆ ಬಯಲು. ಸುತ್ತಲಿನ ಬಯಲುಗಳಲ್ಲಿ ಭತ್ತ ನಿಂತು ವರ್ಷಗಳಾಗಿದ್ದವು. ಆನೆ ತಿನ್ನುವುದಕ್ಕೆ ನಾವು ಯಾಕೆ ನಾಟಿ ಮಾಡಬೇಕು ಎಂದು ಬೀಳು ಬಿಟ್ಟಿದ್ದರು. ಬೀಳು ಬಿದ್ದ ಗದ್ದೆಯಲ್ಲಿ ಹುಲ್ಲು ಆಳೆತ್ತರ ಬೆಳೆದು, ಆನೆಗಳಿಗೆ ಹಗಲು ನಿಲ್ಲಲು ಜಾಗವಾಗಿತ್ತು. ಈ ಒಂದು ಬಯಲಿನಲ್ಲಿ ಮಾತ್ರ ಐದು ಮನೆಯವರು ಹಟ ಹಿಡಿದು ಭತ್ತ ಹಾಕುತ್ತಿದ್ದರು. ಕೊನೆಯ ಪಾಲು ಅಕ್ಕನದು. ಅಲ್ಲಿ ಬಯಲು ಕಿರಿದಾಗಿ ಕಾಡಿಗೆ ಅಂಟುತ್ತದೆ.

ಅಕ್ಕ ಹಾಕುತ್ತಿದ್ದುದು ರಾಜಮುಡಿ. ಕೆಂಪು ಅಕ್ಕಿ, ಎತ್ತರದ ಪೈರು, ಗಾಳಿಗೆ ಮಲಗುವ ಚಾಳಿ. ಇಳುವರಿ ಕಡಿಮೆ ಎಂದು ಉಳಿದವರು ಬಿಟ್ಟಿದ್ದರು. ಅವಳ ಬೀಜ ಅತ್ತೆಯ ಕಾಲದ್ದು. ಪ್ರತಿವರ್ಷ ಮೇಲಿನ ಎರಡು ಗದ್ದೆಯ ಭತ್ತವನ್ನು ಬೀಜಕ್ಕೆಂದು ಬೇರೆ ಬಡಿದು ಎತ್ತಿಡುತ್ತಿದ್ದಳು. ಹಿಂದಿನ ವರ್ಷ ಆನೆಗಳು ಬಂದು ಒಂದು ಮೂಲೆ ಮಾತ್ರ ಉಳಿಸಿ ಹೋಗಿದ್ದವು. ಆ ಮೂಲೆಯಲ್ಲಿ ಸಿಕ್ಕಿದ್ದಷ್ಟೂ ಈ ವರ್ಷ ನೆಲಕ್ಕೆ ಬಿದ್ದಿತ್ತು. ಮನೆಯಲ್ಲಿ ಒಂದು ಹಿಡಿಯೂ ಬಾಕಿ ಇರಲಿಲ್ಲ.

ಹೋದ ದಿನವೇ ಹೇಳಿದಳು: "ಊಟಕ್ಕೆ ಬರ್ದಿದ್ರೆ ಹೋಗ್ಲಿ. ಬೀಜಕ್ಕಾದ್ರೂ ಮನೆಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಈ ಗದ್ದೆನೂ ಬೀಳು. ಅಂಗಡಿ ಬೀಜ ತಂದು ನಾನು ಹಾಕಲ್ಲ."

ಅವಳು ಬೆದರಿಕೆ ಹಾಕುವ ಹೆಂಗಸಲ್ಲ. ಹೇಳಿದರೆ ಮುಗಿಯಿತು.

ಬೇಲಿಯನ್ನು ಮಳೆಗಾಲಕ್ಕೆ ಮುಂಚೆಯೇ ಐದು ಮನೆಯವರೂ ಸೇರಿ ಹಾಕಿಸಿದ್ದರು. ಕಾಫಿ ಮುಗಿದು ಗದ್ದೆ ಶುರುವಾಗುವ ಗೆರೆಯುದ್ದಕ್ಕೂ ಕಂಬಗಳು, ಮೇಲೊಂದು ಕೆಳಗೊಂದು ಎಳೆ ತಂತಿ. ಬೇಲಿಗೆ ಕರೆಂಟು ಕೊಡುವ ಸೋಲಾರ್ ಪೆಟ್ಟಿಗೆ ಮೊದಲ ಮನೆಯಲ್ಲಿ, ಅಂದರೆ ಪುಟ್ಟಸ್ವಾಮಿಯವರ ಮನೆಯಲ್ಲಿ. ಅಲ್ಲಿಂದ ಹೊರಟ ತಂತಿ ಐದೂ ಪಾಲುಗಳನ್ನು ದಾಟಿ ಅಕ್ಕನ ಗದ್ದೆಯ ತುದಿಯಲ್ಲಿ ಮುಗಿಯುತ್ತಿತ್ತು. ಹಾಕಿಕೊಟ್ಟವರು ಇಬ್ರಾಹಿಂ. ಪ್ರತಿ ಕಂಬದಲ್ಲೂ ತಂತಿ, ಕರೆಂಟು ಕಂಬಕ್ಕಿಳಿಯದಂತೆ ತಡೆಯುವ ಒಂದು ಇನ್ಸುಲೇಟರಿನ ತೂತಿನೊಳಗೆ ಹಾದುಹೋಗುತ್ತದೆ. ಎಲ್ಲೂ ಕಟ್ಟು ಇಲ್ಲ. ನಡುವೆ ಒಂದು ಕಡೆ ಹಲ್ಲಿನ ಗಾಲಿ ಇರುವ ಸಣ್ಣ ರಾಟೆಯನ್ನು ತಂತಿಗೇ ಸೇರಿಸಿರುತ್ತಾರೆ. ಅದಕ್ಕೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ತಂತಿ ಸುತ್ತಿಕೊಂಡು ಬಿಗಿಯಾಗುತ್ತದೆ. ಹಿಂದಕ್ಕೆ ಜಾರದಂತೆ ಒಂದು ಕಬ್ಬಿಣದ ನಾಲಿಗೆ ಹಲ್ಲನ್ನು ಕಚ್ಚಿ ಹಿಡಿಯುತ್ತದೆ. ಎಲ್ಲಿ ತಿರುಗಿಸಿದರೂ ಬಿಗಿ ಇಡೀ ಬೇಲಿಗೆ ಹಂಚಿಹೋಗುತ್ತದೆ. ಎಲ್ಲಿ ಬಿಟ್ಟರೂ ಇಡೀ ಬೇಲಿ ಸಡಿಲ.

ಈ ಉದ್ದಕ್ಕೆ ಎಳೆಗೆ ಎರಡು ರಾಟೆ ಸಾಕು ಎಂದು ಇಬ್ರಾಹಿಂ ಹೇಳಿದ್ದರಂತೆ. ಯಾರ ಪಾಲಿನಲ್ಲಿ ಹಾಕುವುದು ಎಂಬ ಪ್ರಶ್ನೆ ಎದ್ದಿತು. ವಂತಿಗೆ ಎಲ್ಲರದೂ, ರಾಟೆ ಮಾತ್ರ ಇನ್ನೊಬ್ಬರ ಜಾಗದಲ್ಲಿ ಎಂದರೆ ಹೇಗೆ? ಕೊನೆಗೆ ಮನೆಗೊಂದು ಜೊತೆ ಬಂತು. ಹ್ಯಾಂಡಲ್ ಮಾತ್ರ ಒಂದೇ. ಅದೂ ಐದು ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಕೇಳಿದರೆ ಇಬ್ರಾಹಿಂ ಹಾಸನಕ್ಕೆ ಹೇಳಿದ್ದೀನಿ ಎನ್ನುತ್ತಿದ್ದರು. ಹಾಸನದವರು ಬೆಂಗಳೂರಿಗೆ ಹೇಳಿದ್ದರು.

ಹೀಗಾಗಿ ನನ್ನ ಬೇಲಿ ನೋಡುವ ಕೆಲಸ ಬಹುಪಾಲು ಹ್ಯಾಂಡಲ್ ಹುಡುಕುವ ಕೆಲಸವಾಯಿತು. ತಂತಿ ಜೋತುಬಿದ್ದಿರುವುದನ್ನು ನೋಡಿ ಪುಟ್ಟಸ್ವಾಮಿಯವರ ಮನೆಗೆ ಹತ್ತಿ ಹೋದರೆ ಅವರ ಹೆಂಡತಿ, "ಹ್ಯಾಂಡ್ಲಾ? ಲೋಕೇಶ ಇಸ್ಕೊಂಡ್ ಹೋದ ಕಣಮ್ಮ, ನಿನ್ನೆನೋ ಮೊನ್ನೆನೋ. ಕೂತ್ಕ, ಕಾಪಿ ಕುಡ್ದು ಹೋಗೋವಂತೆ," ಎನ್ನುವರು. ಕಾಫಿ ಕುಡಿಯದೆ ಎದ್ದರೆ ಅವಮಾನ. ಲೋಕೇಶ ಅಕ್ಕನ ಪಕ್ಕದ ಪಾಲಿನವನು, ಅವನ ತಾಯಿ, "ಕೊಟ್ ಕಳಿಸ್ಬುಟ್ವಲ್ಲ, ಮೂರ್ನೇ ಮನೆಗೆ. ರೊಟ್ಟಿ ಬಿಸಿ ಐತೆ, ಒಂದ್ ತಿನ್ನು," ಎನ್ನುವರು. ಮೂರನೆಯ ಮನೆಯಲ್ಲಿ ಬೀಗ. ಎರಡನೆಯ ಮನೆಯಲ್ಲಿ ಮತ್ತೆ ಕಾಫಿ. ಜೊತೆಗೆ ನಾನು ಪೇಪರಿನಲ್ಲಿ ಏನು ಬರೆಯುತ್ತೇನೆ, ಬರೆದದ್ದಕ್ಕೆ ಅವರೇನು ಕೊಡುತ್ತಾರೆ ಎಂಬ ವಿಚಾರಣೆ. ಒಮ್ಮೆ ಆ ಮನೆಯ ಹಿತ್ತಲಲ್ಲಿ ಹ್ಯಾಂಡಲ್ ಕೋಳಿ ಪಂಜರದ ಬಾಗಿಲಿಗೆ ಒರಗಿ ನಿಂತಿತ್ತು. ನಾನು ಎತ್ತಿಕೊಂಡ ಕೂಡಲೇ ಕೋಳಿಗಳು ಹೊರಬಂದವು. ಅವನ್ನು ಹಿಡಿದು ಒಳಗೆ ಹಾಕುವವರೆಗೆ ಆ ಮನೆಯವರು ನನ್ನನ್ನು ಬಿಡಲಿಲ್ಲ.

ಮಂಚದ ಮೇಲೆ ಮಲಗಿದ್ದ ಭಾವನಿಗೆ ಇದೆಲ್ಲ ಮನರಂಜನೆ. "ಇವತ್ತು ಎಷ್ಟ್ ಲೋಟ ಆಯ್ತು ಶಾರದಾ?" ಎಂದು ಕೇಳುತ್ತಿದ್ದರು. "ನಿಮ್ಮ ಬೇಲಿಗೆ ಬೆಂಕಿ ಹಾಕ," ಎಂದರೆ, "ನಗಿಸ್ಬೇಡ ಕಣಮ್ಮ, ಬೆನ್ನು ಹಿಡ್ಕೊತದೆ," ಎಂದು ಇನ್ನಷ್ಟು ನಗುತ್ತಿದ್ದರು.

ಬಿಗಿ ಮಾಡುವುದು ಒಂದು ಪಾಡಾದರೆ, ಸಡಿಲ ಮಾಡುವವರದು ಇನ್ನೊಂದು. ಬೇಲಿಗೆ ಗೇಟು ಇತ್ತು, ಲೋಕೇಶನ ಪಾಲಿನಲ್ಲಿ. ಅಷ್ಟು ದೂರ ಸುತ್ತಿ ಬರಲು ಯಾರಿಗೂ ಮನಸ್ಸಿಲ್ಲ. ಟಿಲ್ಲರ್ ಇಳಿಸಬೇಕಾದವರು, ದನ ಹೊಡೆದುಕೊಂಡು ಹೋಗಬೇಕಾದವರು ತಮ್ಮ ತಮ್ಮ ರಾಟೆಯ ನಾಲಿಗೆ ಎತ್ತಿ, ತಂತಿಯನ್ನು ನೆಲಕ್ಕೆ ಮಲಗಿಸಿ ದಾಟುತ್ತಿದ್ದರು. ದಾಟಿದ ಮೇಲೆ ನಾಲ್ಕು ಸುತ್ತು ತಿರುಗಿಸಿ, "ಸಾಕು ಬುಡು," ಎಂದು ಹೋಗುತ್ತಿದ್ದರು. ಪುಟ್ಟಸ್ವಾಮಿಯವರ ರೀತಿ ಬೇರೆ. ಅವರಿಗೆ ತಂತಿ ಹಾಡಬೇಕು. ಬೆರಳಿನಿಂದ ಮೀಟಿದರೆ ಟಿಣ್ ಎನ್ನುವವರೆಗೆ ತಿರುಗಿಸುವರು. ಹ್ಯಾಂಡಲ್ ಸಿಗದ ದಿನ ಹಾರೆಯ ತುದಿ ತೂರಿಸಿ ತಿರುಗಿಸಲು ಹೋಗಿ ಒಂದು ರಾಟೆಯ ನಾಲಿಗೆ ಮುರಿದರು, ತಂತಿ ತುಂಡಾಯಿತು. ತುಂಡಾದ ತಂತಿಯ ಎರಡು ತುದಿಗಳನ್ನೂ ಒಂದು ಸಣ್ಣ ಕೊಳವೆಯೊಳಗೆ ತೂರಿಸಿ, ಇಕ್ಕಳದಿಂದ ಅದುಮಿ ಸೇರಿಸಬೇಕು. ಇಬ್ರಾಹಿಂ ಅದಕ್ಕೆಂದೇ ಒಂದು ಪೊಟ್ಟಣ ಕೊಳವೆ ಕೊಟ್ಟಿದ್ದರು. ಪುಟ್ಟಸ್ವಾಮಿಯವರು ಎರಡು ತುದಿಯನ್ನೂ ಹಗ್ಗದ ಹಾಗೆ ಹೊಸೆದು ಗಂಟು ಹಾಕಿದ್ದರು.

"ಕೊಳವೆ ಎಲ್ಲಿ ಪುಟ್ಟಸ್ವಾಮಣ್ಣ?" ಎಂದು ಕೇಳಿದೆ.

"ಅದಾ? ನಮ್ ಸ್ಪ್ರೇಯರ್‌ಗೆ ಸರ್ಯಾಗಿ ಕೂತ್ಕತು ಕಣ್ರೀ."

ಕಾರ್ತಿಕ ಕಳೆಯುತ್ತ ಬಂದಂತೆ ತೆನೆ ಹೊರಬಿದ್ದು ಬಾಗತೊಡಗಿತು. ಬೆಳಗಿನ ಹೊತ್ತು ಮಂಜು ಗದ್ದೆಯ ಮೇಲೆ ಸೊಂಟದೆತ್ತರಕ್ಕೆ ನಿಂತಿರುತ್ತಿತ್ತು. ಬಿಸಿಲು ಏರಿದಾಗ ಹಸಿ ಭತ್ತದ ಸಿಹಿ ವಾಸನೆ ಮನೆಯವರೆಗೆ ಬರುತ್ತಿತ್ತು. ನಮಗೆ ಬಂದ ಮೇಲೆ ಆನೆಗೂ ಬರುತ್ತದೆ. ಹಿಂಡು ಗುಡ್ಡದಾಚೆಯ ಎಸ್ಟೇಟಿನಲ್ಲಿದೆ ಎಂದು ಮೊಬೈಲಿಗೆ ಸಂದೇಶಗಳು ಬರತೊಡಗಿದವು. ಅಕ್ಕ ದಿನವೂ ಮೇಲಿನ ಗದ್ದೆಗೆ ಹೋಗಿ ಒಂದು ತೆನೆ ಕಿತ್ತು, ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡಿ ಬರುತ್ತಿದ್ದಳು. ಇನ್ನೂ ಮೆತ್ತಗಿತ್ತು.

ಆ ವಾರವೇ ಟೆಸ್ಟರ್ ಹಿಡಿದು ಬೇಲಿಯುದ್ದಕ್ಕೂ ನಡೆದೆ. ಅಕ್ಕನ ತುದಿಯಲ್ಲಿ ತಂತಿ ಸದಾ ಜೋತಾಡುತ್ತಿತ್ತು. ಎಷ್ಟು ತಿರುಗಿಸಿದರೂ ಬಿಗಿ ನಿಲ್ಲುತ್ತಿರಲಿಲ್ಲ, ಕರೆಂಟೂ ಇದೆಯೋ ಇಲ್ಲವೋ ಎನ್ನುವಷ್ಟು. ಕಾರಣ ಹುಡುಕಲು ಬಲವಾಗಿ ಕರೆಂಟಿರುವ ಕಡೆಯಿಂದಲೇ ಶುರುಮಾಡಬೇಕು. ಪುಟ್ಟಸ್ವಾಮಿಯವರ ಮನೆಯ ಬಳಿ ಟೆಸ್ಟರಿನ ದೀಪಗಳು ಪೂರ್ತಿ ಹತ್ತಿದವು. ಅವರ ಪಾಲು ದಾಟಿದ ಕೂಡಲೇ ಅರ್ಧಕ್ಕಿಳಿದವು. ಹಿಂದಕ್ಕೆ ಬಂದು ನೋಡಿದರೆ ಗಡಿಯಲ್ಲಿ ಕಾಫಿಗೆ ನೆರಳಾಗಿದ್ದ ಸಿಲ್ವರ್ ಮರಕ್ಕೆ ಬೇಲಿಯ ಎರಡೂ ಎಳೆಗಳನ್ನು ಬೈಂಡಿಂಗ್ ತಂತಿಯಿಂದ ಬಿಗಿದಿದ್ದರು. ಸುತ್ತಿ ಸುತ್ತಿ, ಮರದ ತೊಗಟೆ ಕೊರೆಯುವಷ್ಟು. ಮಂಜಿಗೆ ನೆನೆದ ಮರದೊಳಗಿಂದ ಕರೆಂಟು ಸುಮ್ಮನೆ ನೆಲಕ್ಕೆ ಇಳಿಯುತ್ತಿತ್ತು. ಯಾರೋ ತಿಳಿಯದೆ ಮಾಡಿದ್ದಾರೆ ಎಂದುಕೊಂಡು ಮುಂದಿನ ಗಡಿಗೆ ಹೋದೆ. ಅಲ್ಲೂ ಹಾಗೇ. ಅದರ ಮುಂದಿನದೂ ಹಾಗೇ. ಬೇರೆ ಬೇರೆ ಕೈ, ಒಂದೇ ಕೆಲಸ.

ಅಕ್ಕನ ಗಡಿಯ ಮರದ ಹತ್ತಿರ ಲೋಕೇಶ ಸಿಕ್ಕಿದ.

"ಇದನ್ನು ಯಾರು ಕಟ್ಟಿದ್ದು ಲೋಕೇಶ?"

"ನಾನೇ ಕಣಕ್ಕ." ಹೆಮ್ಮೆಯಿಂದಲೇ ಹೇಳಿದ.

"ಯಾಕೆ?"

"ಇನ್ನೇನಕ್ಕ ಮಾಡ್ಲಿ? ಬೆಳಗ್ಗೆ ಬಿಗಿ ಮಾಡ್ಬುಟ್ಟು ಹೋದ್ರೆ ಸಂಜಿಗೆ ಸಡಿಲ. ನಾನ್ ಟೈಟ್ ಮಾಡಿದ್ದೆಲ್ಲ ನಿಮ್ ಕಡೆ ಹೋಗ್ತಾ ಐತೆ. ಪುಟ್ಟಸ್ವಾಮಣ್ಣ ಹೇಳ್ತು, ಗಡೀಲಿ ಕಟ್ಬುಡ್ಲಾ, ನಿನ್ ಬಿಗಿ ನಿನ್ ತಾವೇ ಇರ್ತದೆ ಅಂತ."

ಪುಟ್ಟಸ್ವಾಮಿಯವರನ್ನು ಕೇಳಿದರೆ, ತನಗೆ ಹೇಳಿದ್ದು ಮೂರನೆಯ ಮನೆಯವರು ಎಂದರು. ಮೂರನೆಯ ಮನೆಯವರಿಗೆ ಹೇಳಿದ್ದು ಲೋಕೇಶ. ಸುದ್ದಿಯ ಮೂಲ ಹುಡುಕುವುದು ನನ್ನ ಕಸುಬು. ಈ ಸುದ್ದಿಯ ಮೂಲ ಮಾತ್ರ ನನಗೆ ಇವತ್ತಿಗೂ ಸಿಕ್ಕಿಲ್ಲ. ಅಕ್ಕನದು ಬಿಟ್ಟು ನಾಲ್ಕೂ ಮನೆಯವರು ತಮ್ಮ ಬಿಗಿಯನ್ನು ಪಕ್ಕದವರು ಕದಿಯುತ್ತಿದ್ದಾರೆ ಎಂದು ನಂಬಿದ್ದರು. ಗದ್ದೆಯ ಅಂಚನ್ನು ಒಬ್ಬರು ಒಂದು ಗುದ್ದಲಿ ಕೆತ್ತಿದರೂ ತಲೆಮಾರು ಮಾತು ಬಿಡುವ ಊರು. ಅಂಚಿನ ಮಣ್ಣನ್ನು ಕಾಯ್ದ ಹಾಗೆಯೇ ತಂತಿಯ ಬಿಗಿಯನ್ನೂ ಕಾಯತೊಡಗಿದ್ದರು.

ಇಬ್ರಾಹಿಂಗೆ ಫೋನು ಮಾಡಿದೆ. ಅವರು ಕಿರುಚಿದರು.

"ಮೇಡಂ, ಆ ತಂತಿ ಕಂಬದಿಂದ ಕಂಬಕ್ಕೆ ಜಾರ್ಬೇಕು! ಮೇಲೆ ಮರ ಬಿದ್ರೆ ಬಗ್ಬೇಕು, ಮರ ಎತ್ತಿದ್ರೆ ತಾನೇ ಏಳ್ಬೇಕು. ಅದ್ಕೇ ಕಣ್ರೀ ಅಷ್ಟುದ್ದ ಬಿಟ್ಟಿರೋದು. ಕಟ್ಬುಟ್ರೆ ಅದು ಬೇಲಿ ಅಲ್ಲ, ಬಟ್ಟೆ ಒಣ್ಗಾಕೋ ತಂತಿ!"

"ನೀವೇ ಬಂದು ಒಂದು ಮಾತು ಹೇಳಿ," ಎಂದೆ.

"ನಾನು ಹೇಳಿದ್ರೆ ಇನ್ನೈದು ರಾಟೆ ಮಾರಕ್ಕೆ ಬಂದ ಅಂತಾರೆ. ನೀವು ಮನೆಯೋರು, ನೀವೇ ಹೇಳಿ."

ಪುಟ್ಟಸ್ವಾಮಿಯವರ ಕಾಫಿ ಕಣದಲ್ಲಿ ಐದು ಮನೆಯವರನ್ನೂ ಸೇರಿಸಿದೆ. ಹಣ್ಣು ಒಣಗಿಸಲು ಕಣ ತೊಳೆದು ಬಿಟ್ಟಿದ್ದರು. ಅಕ್ಕನೂ ಬಂದು ಮೆಟ್ಟಿಲ ಮೇಲೆ ಕೂತಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಕಟ್ಟಿದ್ದರಿಂದ ಯಾರ ಬಿಗಿಯೂ ಉಳಿದಿಲ್ಲ. ಕರೆಂಟು ಮರಕ್ಕೆ ಹೋಗುತ್ತಿದೆ. ಕೊನೆಯ ಪಾಲಿಗೆ ಎರಡೂ ಇಲ್ಲ. ಆನೆ ಕೊನೆಯ ಪಾಲಿನಿಂದ ಒಳಬಂದರೆ ಅಂಚು ನೋಡಿಕೊಂಡು ಅಲ್ಲೇ ನಿಲ್ಲುವುದಿಲ್ಲ. ಎಲ್ಲರೂ ತಲೆಯಾಡಿಸಿದರು.

"ಹೌದು ಕಣ್ರೀ, ಬಿಚ್ಬೇಕು," ಎಂದರು ಪುಟ್ಟಸ್ವಾಮಿಯವರು. "ಲೋಕೇಶ, ನೀನ್ ಬಿಚ್ಚು."

"ಯಾಕೆ, ಮೊದ್ಲು ಕಟ್ಟಿದ್ದೋರು ಬಿಚ್ಲಿ."

"ಮೊದ್ಲು ಯಾರ್ಲಾ ಕಟ್ಟಿದ್ದು?"

"ನಾನಂತೂ ಅಲ್ಲ."

ಎಲ್ಲರೂ ಒಂದೇ ಹೊತ್ತಿಗೆ ಬಿಚ್ಚಿದರೆ ಯಾರಿಗೂ ನಷ್ಟವಿಲ್ಲವಲ್ಲ, ನಾಳೆ ಬೆಳಗ್ಗೆ ಎಂಟಕ್ಕೆ ಎಲ್ಲರೂ ಅವರವರ ಗಡಿಯಲ್ಲಿ ನಿಲ್ಲಿ ಎಂದೆ. ಪುಟ್ಟಸ್ವಾಮಿಯವರು ಯೋಚಿಸಿದರು.

"ನಾಳೆ ಮಂಗಳವಾರ."

"ಹಾಗಾದರೆ ಬುಧವಾರ."

"ಬುಧವಾರ ನಮ್ ಕಾಪಿ ಕುಯ್ಯಕ್ಕೆ ಆಳು ಬತ್ತಾರೆ. ಆಳು ಸಿಕ್ಕಿರೋದೇ ಪುಣ್ಯ. ಕಾಪಿ ಒಂದ್ ಸುತ್ತು ಆಗ್ಬುಡ್ಲಿ, ಆಮೇಲ್ ಸೇರನ. ಅಲ್ಲೀಗಂಟ ಅವರವರ ಕಡೆ ಅವರವರು ಗಟ್ಟಿ ಮಾಡ್ಕಂಡಿರಿ."

"ಗಟ್ಟಿ ಮಾಡಿದ್ದೇ ತೊಂದರೆ ಅಂತ ಇಷ್ಟು ಹೊತ್ತು ಹೇಳಿದ್ದಲ್ಲವೇ!" ನನ್ನ ದನಿ ಏರಿತ್ತು.

"ಸಿಟ್ ಮಾಡ್ಕಬೇಡಿ ಶಾರದಮ್ಮ. ಪೇಪರ್ನಲ್ ಒಂದ್ಸಲ ಬರೀರಿ, ಎಲ್ರಿಗೂ ತಿಳೀತದೆ," ಎಂದರು. ಆಮೇಲೆ ಎಲ್ಲರಿಗೂ ಕಾಫಿ ಬಂತು.

ನಾನೂ ಅಕ್ಕನೂ ಮನೆಗೆ ಹೊರಟೆವು. ನಮ್ಮ ಗಡಿಯ ಕಟ್ಟನ್ನು ನಾವೇ ಕತ್ತರಿಸೋಣ ಎಂದು ನಾನು ಹೇಳಿದ್ದಕ್ಕೆ, "ಇನ್ನು ಮೂರು ಹಂಗೇ ಇರ್ತವಲ್ಲ," ಎಂದಳು. ಅದು ನಿಜವೇ. ಮನೆಗೆ ಬಂದು ಕುಡುಗೋಲು ತೆಗೆದು ಕಲ್ಲಿಗೆ ಉಜ್ಜಲು ಕೂತಳು. ಮರುದಿನ ಮಂಜು ಕರಗುವ ಮೊದಲೇ ಮೇಲಿನ ಎರಡು ಗದ್ದೆ ಕುಯ್ಯುತ್ತೇನೆ ಎಂದಾಗ ಭಾವ ಮಂಚದ ಮೇಲೆ ಅರ್ಧ ಎದ್ದುಬಿಟ್ಟರು.

"ಏನೇ, ತಲೆ ಕೆಟ್ಟಿತಾ? ಕಾಳು ಇನ್ನೂ ಹಸಿ. ಹತ್ತ್ ದಿನ ಆದ್ರೂ ಬೇಕು. ಹಸೀ ಭತ್ತ ಬೀಜಕ್ಕೆ ಇಟ್ರೆ ಮೊಳಕೆ ಬತ್ತದಾ?"

"ಬಂದಷ್ಟ್ ಬರ್ಲಿ."

"ಉಳಿದಿದ್ದು?"

"ಉಳಿದಿದ್ದು ಬಲಿಯೋಗಂಟ ಇರ್ಲಿ. ಆನೆ ಕಾಯಕ್ಕೆ ಬುಟ್ರೆ ಅದ್ರ ಪುಣ್ಯ. ಅದಕ್ಕೇನು, ಹಸೀದೇ ತಿಂತದೆ."

ಲೋಕೇಶನ ಹೆಂಡತಿ ಮತ್ತು ಇನ್ನಿಬ್ಬರು ಹೆಂಗಸರು ಮುಯ್ಯಾಳಿಗೆ ಬಂದರು. ಅವರ ಮನೆಯ ಕುಯ್ಲಿಗೆ ಅಕ್ಕ ಹೋಗುವುದು, ಅಕ್ಕನ ಕುಯ್ಲಿಗೆ ಅವರು ಬರುವುದು, ಇದರಲ್ಲಿ ಯಾರೂ ಯಾವತ್ತೂ ತಕರಾರು ಮಾಡಿದವರಲ್ಲ. ಬೇಲಿಯ ಒಂದು ಗಂಟು ಬಿಚ್ಚಲಾರದ ಜನ, ಕರೆದ ಕೂಡಲೇ ಕುಡುಗೋಲು ಹಿಡಿದು ಬಂದು ಬಗ್ಗಿದರು. ನನಗೆ ಅದನ್ನು ನೋಡಿ ಸಮಾಧಾನವಾಗಬೇಕಿತ್ತು; ಇನ್ನಷ್ಟು ರೇಗಿತು. ತೆನೆಗಳ ಬುಡ ಇನ್ನೂ ಹಸಿರಾಗಿತ್ತು. ಕುಯ್ದ ಹೊರೆಗಳನ್ನು ತಲೆಯ ಮೇಲೆ ಹೊತ್ತು ಮನೆಯ ಅಂಗಳಕ್ಕೆ ತಂದು, ಬಡಿದು, ಬಿಸಿಲಿಗೆ ಹರಡಿದೆವು. ಅಕ್ಕ ದಿನವಿಡೀ ಕೈಯಾಡಿಸುತ್ತ ಕೂತಿರುತ್ತಿದ್ದಳು.

ಉಳಿದ ಭತ್ತ ಇನ್ನೇನು ಬಣ್ಣ ತಿರುಗಿತು ಎನ್ನುವ ಹೊತ್ತಿಗೆ ಆನೆಗಳು ಬಂದವು. ಬೆಳಕು ಹರಿಯುತ್ತಿದ್ದಾಗ ಮರ ಬಿದ್ದ ಸದ್ದು ಕೇಳಿ ನಾವೆಲ್ಲ ಜಗಲಿಗೆ ಬಂದೆವು. ಅವು ಬಂದದ್ದು ಎಲ್ಲರೂ ಅಂದುಕೊಂಡಂತೆ ಅಕ್ಕನ ತುದಿಯಿಂದಲ್ಲ. ಬೇಲಿಯ ನಡುವಿನಿಂದ, ಮೂರನೆಯ ಮನೆಯವರ ಗಡಿಯಲ್ಲಿ. ತಂತಿಯನ್ನು ಮುಟ್ಟಲು ಹೆದರಿದ ಆನೆ ಕಟ್ಟು ಹಾಕಿದ್ದ ಗಡಿಯ ಸಿಲ್ವರ್ ಮರವನ್ನೇ ಹಣೆಯಿಂದ ನೂಕಿ ಬೇಲಿಯ ಮೇಲೆ ಕೆಡವಿತ್ತು. ಉದ್ದಕ್ಕೆ ಜಾರುವ ತಂತಿಯಾಗಿದ್ದರೆ ಬಗ್ಗಿ ತಡೆಯುತ್ತಿತ್ತೇನೋ. ಎರಡೂ ಕಡೆ ಮರಕ್ಕೆ ಕಟ್ಟಿದ್ದ ಗಿಡ್ಡ ತುಂಡು ನೂಲಿನ ಹಾಗೆ ಹರಿದಿತ್ತು. ಅಲ್ಲಿಂದ ಒಳಗೆ ಬಂದವು ಐದೂ ಪಾಲನ್ನು ತುಳಿದು ತಿಂದು, ಬಿಸಿಲು ಏರುವ ಮೊದಲು ಬಂದ ದಾರಿಯಲ್ಲೇ ಹೋದವು. ಪಟಾಕಿ ಹೊಡೆದೆವು, ತಗಡು ಬಡಿದೆವು. ಅವು ಅವಸರ ಮಾಡಲಿಲ್ಲ.

ಬಯಲಿಗೆ ಇಳಿದರೆ ಭತ್ತ ಚಾಪೆಯಾಗಿ ನೆಲಕ್ಕೆ ಅಂಟಿತ್ತು. ಹೆಜ್ಜೆಗುಳಿಗಳಲ್ಲಿ ನೀರು ಒಸರುತ್ತಿತ್ತು. ಲೋಕೇಶ ಅಂಚಿನ ಮೇಲೆ ಕೂತು ಒಂದು ತೆನೆಯಿಂದ ಕೆಸರು ಒರೆಸುತ್ತಿದ್ದ. ಪುಟ್ಟಸ್ವಾಮಿಯವರು ಹರಿದ ತಂತಿಯ ತುದಿ ಹಿಡಿದು ನಿಂತಿದ್ದರು.

"ಈ ಸೋಲಾರ್ ಬೇಲಿ ಪ್ರಯೋಜನ ಇಲ್ಲ ಕಣ್ರೀ. ಆ ಸಾಬ್ರು ನಮ್ಗೆ ಸರ್ಯಾಗ್ ಟೋಪಿ ಹಾಕ್ಬುಟ್ರು," ಎಂದರು.

ಅಷ್ಟರಲ್ಲಿ ತಾಲ್ಲೂಕಿನ ನಮ್ಮ ವರದಿಗಾರನ ಫೋನು ಬಂತು. ಎಷ್ಟು ಎಕರೆ ಮೇಡಂ, ಆನೆ ಎಷ್ಟು, ಪರಿಹಾರ ಕೇಳಿದ್ದಾರಾ ಎಂದು ವಿಚಾರಿಸಿದ. ಕೇಳಿದ್ದಕ್ಕೆಲ್ಲ ಹೇಳಿದೆ. ಗಡಿಯ ಕಟ್ಟುಗಳ ವಿಷಯವನ್ನೂ ಹೇಳಿದೆ. ಮರುದಿನ ಸುದ್ದಿ ಒಂದು ಕಾಲಮ್ಮಿನಲ್ಲಿ ಬಂತು, ಅದೇ ಶೀರ್ಷಿಕೆ, ಊರಿನ ಹೆಸರು ಬೇರೆ. ಕಟ್ಟುಗಳಿಗೆ ಜಾಗ ಸಿಕ್ಕಿರಲಿಲ್ಲ. ಡೆಸ್ಕಿನಲ್ಲಿ ನಾನಿದ್ದಿದ್ದರೂ ಆ ಸಾಲುಗಳನ್ನೇ ಮೊದಲು ಕತ್ತರಿಸುತ್ತಿದ್ದೆ.

ಬೇಲಿಯನ್ನು ಆ ವಾರವೇ ಎಲ್ಲರೂ ಸೇರಿ ರಿಪೇರಿ ಮಾಡಿದರು. ಹರಿದ ತಂತಿಯನ್ನು ಹೊಸೆದು ಗಂಟು ಹಾಕಿದರು. ಬಿದ್ದ ಸಿಲ್ವರ್ ಮರ ಹೋಯಿತೆಂದು ಗಡಿಯ ಪಕ್ಕದಲ್ಲೇ ಇದ್ದ ಇನ್ನೊಂದು ಸಿಲ್ವರ್ ಮರಕ್ಕೆ ತಂತಿಯನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದರು. ನಾನು ಅಂಗಳದಲ್ಲಿ ನಿಂತು ನೋಡಿದೆ.

ಈಗ ಉಳಿದಿದ್ದು ಅಕ್ಕನ ಅಂಗಳದ ಭತ್ತ ಮಾತ್ರ. ಒಣಗಿದ ಮೇಲೆ ಅವಳು ಒಂದು ಹಿಡಿ ತೆಗೆದು ನೀರಲ್ಲಿ ನೆನೆಸಿ, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ಬೆಳಗ್ಗೆ ಸಂಜೆ ನೀರು ಚಿಮುಕಿಸುವುದು, ಮೂಸಿ ನೋಡುವುದು, ಮತ್ತೆ ಸುತ್ತಿಡುವುದು. ಬಿಚ್ಚಿ ನೋಡಲು ನನಗೂ ಬಿಡಲಿಲ್ಲ. ಭಾವ ತಮಾಷೆ ನಿಲ್ಲಿಸಿದ್ದರು. ಮೊಳಕೆ ಬರದಿದ್ದರೆ ಗದ್ದೆಗೆ ಏನಾಗುತ್ತದೆ ಎಂಬುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ಒಂದು ಬೆಳಗ್ಗೆ ಅಕ್ಕ ಗೋಣಿ ತುಂಡನ್ನು ತಂದು ಭಾವನ ಮಂಚದ ಮೇಲೆ ಬಿಚ್ಚಿದಳು. ಕೆಲವು ಕಾಳು ಕಪ್ಪಾಗಿ ಹಾಗೇ ಇದ್ದವು. ಮುಕ್ಕಾಲು ಪಾಲು ಬಿಳಿ ಮೂತಿ ಹೊರಗಿಟ್ಟಿದ್ದವು. ಭಾವ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಸ್ವಲ್ಪ ಒತ್ತಾಗ್ ಚೆಲ್ಬೇಕಾಗ್ತದೆ," ಎಂದರು. ಗದ್ದೆ ಇರುತ್ತದೆ ಎಂದು ಅವರು ಹೇಳಿದ್ದು ಹಾಗೆ.

ಸಂಕ್ರಾಂತಿ ಕಳೆದ ಮೇಲೆ, ನಾನು ಹಾಸನಕ್ಕೆ ಹೊರಡುವ ಹಿಂದಿನ ದಿನ ಲೋಕೇಶ ಬಂದ. ಜಗಲಿಯ ಅಂಚಿನಲ್ಲಿ ಕೂತು ಮಳೆ, ಕಾಫಿ ರೇಟು, ಭಾವನ ಬೆನ್ನು ಎಲ್ಲ ಮಾತಾಡಿ ಮುಗಿಸಿದ ಮೇಲೆ, ರಾಜಮುಡಿ ಬೀಜ ಸ್ವಲ್ಪ ಸಿಗುತ್ತದಾ ಎಂದ. ಬೀಜಕ್ಕೆ ಇಟ್ಟುಕೊಳ್ಳಲು ಅವನ ಪಾಲಿನಲ್ಲಿ ಏನೂ ಉಳಿದಿರಲಿಲ್ಲ. ಅವನ ಬೆನ್ನಿಗೇ ಪುಟ್ಟಸ್ವಾಮಿಯವರೂ ಬಂದರು, ಅದೇ ಮಾತಿಗೆ. ಬೀಜ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಕಡೆ ಇಲ್ಲ. ಅಕ್ಕನೂ ಇಲ್ಲ ಎನ್ನಲಿಲ್ಲ.

"ಕೊಡ್ತೀನಿ. ಐದು ಮನೆಗೂ ಆಗೋಷ್ಟೈತೆ. ಮೊದ್ಲು ಬೇಲಿ ತಾವ ಹೋಗಿ ಬರನ, ನಡೀರಿ," ಎಂದು ಗೂಟದಿಂದ ಕಟಿಂಗ್ ಪ್ಲೇಯರ್ ತೆಗೆದುಕೊಂಡಳು.

"ಬೀಜಕ್ಕೂ ಬೇಲಿಗೂ ಏನ್ ಸಂಬಂಧ ಕಮಲಕ್ಕ?" ಎಂದರು ಪುಟ್ಟಸ್ವಾಮಿಯವರು.

"ಹೋದ್ ಸಲ ಬಿತ್ತಿದ್ದು ಯಾರ್ ತಿಂದ್ರು?"

ಅವರು ಚಪ್ಪಲಿ ಮೆಟ್ಟಿಕೊಂಡರು. ಲೋಕೇಶನೂ ಎದ್ದ. ಮಾತು ಹೇಗೆ ಹೋಯಿತೋ, ನಾವು ಬೇಲಿಯ ಹತ್ತಿರ ತಲುಪುವಷ್ಟರಲ್ಲಿ ಉಳಿದ ಎರಡು ಮನೆಯವರೂ ಬಂದಿದ್ದರು. ಅ‍ಕ್ಕ ತನ್ನ ಗಡಿಯಿಂದ ಶುರುಮಾಡಿದಳು. ಪ್ಲೇಯರನ್ನು ಲೋಕೇಶನ ಕೈಗೆ ಕೊಟ್ಟು ಮರದ ಪಕ್ಕ ನಿಂತಳು. ಅವನು ಕತ್ತರಿಸಿದ. ಅಲ್ಲಿಂದ ಮುಂದಿನ ಗಡಿ, ಅದರ ಮುಂದಿನದು. ಪ್ರತಿ ಗಡಿಯಲ್ಲೂ ಕಟ್ಟಿದವರ ಕೈಯಲ್ಲೇ ಕಟ್ಟು ತೆಗೆಸಿದಳು. ತಾನು ಒಂದನ್ನೂ ಮುಟ್ಟಲಿಲ್ಲ. ಎಲ್ಲಕ್ಕಿಂತ ಬಿಗಿಯಾಗಿದ್ದುದು ಪುಟ್ಟಸ್ವಾಮಿಯವರದು. ತೊಗಟೆಯೊಳಗೆ ಹೂತಿದ್ದ ಬೈಂಡಿಂಗ್ ತಂತಿಯನ್ನು ಅವರು ಅಗೆದು ತೆಗೆಯಬೇಕಾಯಿತು. ಕೊನೆಯ ಸುತ್ತು ಕತ್ತರಿಸಿದಾಗ ಬೇಲಿ ಒಮ್ಮೆ ಜಗ್ಗಿತು. ತಂತಿ ಇನ್ಸುಲೇಟರುಗಳ ತೂತಿನಲ್ಲಿ ಸರಸರನೆ ಜಾರಿತು. ಅವರ ಕಡೆಯ ಎಳೆಗಳು ಸ್ವಲ್ಪ ಇಳಿದವು. ದೂರದಲ್ಲಿ, ಬಯಲಿನ ಕೊನೆಯಲ್ಲಿ, ಹುಲ್ಲಿನೊಳಗೆ ಬಿದ್ದಿದ್ದ ಅಕ್ಕನ ಕೆಳಗಿನ ಎಳೆ ಮೇಲೆದ್ದದ್ದು ಬಿಸಿಲಿಗೆ ಹೊಳೆದು ಕಂಡಿತು.

ಪುಟ್ಟಸ್ವಾಮಿಯವರು ಜೋತ ತಮ್ಮ ತಂತಿಯನ್ನು ಬೆರಳಿನಿಂದ ಮೀಟಿದರು. ಅದು ಹಾಡಲಿಲ್ಲ.

"ನೋಡಿ, ನಮ್ ಬಿಗಿಯೆಲ್ಲ ನಿಮ್ ಕಡೆಗೇ ಹೋಯ್ತು," ಎಂದರು. ಅಷ್ಟಾದ ಮೇಲೂ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಹೋಗ್ಲಿ ಬುಡಿ ಪುಟ್ಟಸ್ವಾಮಣ್ಣ. ಚೀಲ ತಂದಿದ್ದೀರಾ?" ಎಂದಳು.

ಯಾರೂ ತಂದಿರಲಿಲ್ಲ. ಮನೆಗೆ ಬಂದು, ಅಟ್ಟದಿಂದ ಹಳೆಯ ಚೀಲಗಳನ್ನು ಇಳಿಸಿ ಕೊಡವಿ, ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟಳು. ಪುಟ್ಟಸ್ವಾಮಿಯವರು ಮೊದಲು ಬಾಯಿ ಅಗಲಿಸಿ ಹಿಡಿದರು. ಅಕ್ಕ ಪೂರ್ವಕ್ಕೆ ತಿರುಗಿ ಕೂತು, ಕೊಳಗ ತುಂಬಿ, ಒಂದು ಎನ್ನುವ ಬದಲು ಎಲ್ಲರೂ ಹೇಳುವಂತೆ "ಲಾಭ" ಎಂದು ಹೇಳಿ ಸುರಿದಳು.